ಅಲುಗುವ ಹ್ಯಾಂಡಲಿಗೆ ಡ್ಯಾಂಪರ್ ಮದ್ದಲ್ಲ

ಮಂಗಳೂರಿನ ಬೈಕ್ ಸವಾರರ ನಡುವೆ ಒಂದು ಸಲಹೆ ಯಾರ ತಡೆಯೂ ಇಲ್ಲದೆ ಓಡಾಡುತ್ತಿದೆ. ಬೈಕಿನ ಹ್ಯಾಂಡಲ್ ಅಲುಗುತ್ತದೆ ಎಂದು ಬಾಯಿಬಿಟ್ಟರೆ ಸಾಕು, ಗೆಳೆಯರಿಂದ ಹಿಡಿದು ಎಕ್ಸ್‌ಟ್ರಾ ಫಿಟ್ಟಿಂಗ್ ಅಂಗಡಿಯವರ ತನಕ ಎಲ್ಲರದ್ದೂ ಒಂದೇ ಉತ್ತರ: "ಒಂದು ಸ್ಟಿಯರಿಂಗ್ ಡ್ಯಾಂಪರ್ ಹಾಕ್ಸಿ ಬಿಡಿ ಮಾರಾಯ್ರೆ, ಎಲ್ಲ ಸರಿಯಾಗ್ತದೆ." ಎರಡು ಕ್ಲ್ಯಾಂಪು, ನಾಲ್ಕು ಬೋಲ್ಟು, ಸ್ವಲ್ಪ ಹೊತ್ತಿನ ಕೆಲಸ. ಹ್ಯಾಂಡಲ್ ಗಟ್ಟಿಯಾಗಿ ನಿಲ್ಲುತ್ತದೆ, ಬೈಕಿಗೆ ರೇಸಿನ ಕಳೆ ಬರುತ್ತದೆ, ಸವಾರ ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ಆ ನೆಮ್ಮದಿಯೇ ಅಪಾಯ. ದೋಷ ಇದ್ದಲ್ಲೇ ಇದೆ, ಅದು ಕೈಗೆ ತಿಳಿಯದಂತಾಗಿದೆ, ಅಷ್ಟೇ.

ಈ ಸಲಹೆಯಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂದು ತೂಗಲು ನಾನು ಹೊರಟಿಲ್ಲ. ಈ ಊರಿನಲ್ಲಿ, ಈ ಮಳೆಯಲ್ಲಿ, ಇಲ್ಲಿ ಅನೇಕರು ಓಡಿಸುವ 150ರಿಂದ 400 ಸಿಸಿಯ ಬೈಕುಗಳಿಗೆ ಇದು ಕೆಟ್ಟ ಸಲಹೆ. ಇದನ್ನು ಕೊಡುವವರು ನಿಲ್ಲಿಸಬೇಕು, ಕೇಳುವವರು ತಿರಸ್ಕರಿಸಬೇಕು.

ಮೊದಲು ಡ್ಯಾಂಪರ್ ಎಂದರೇನೆಂದು ನೋಡೋಣ. ಅದು ಎಣ್ಣೆ ತುಂಬಿದ ಸಣ್ಣ ಸಿಲಿಂಡರ್, ಒಳಗೊಂದು ಪಿಸ್ಟನ್. ಒಂದು ತುದಿ ಫ್ರೇಮಿಗೆ, ಇನ್ನೊಂದು ಫೋರ್ಕಿಗೆ. ಹ್ಯಾಂಡಲ್ ನಿಧಾನವಾಗಿ ತಿರುಗಿದರೆ ಎಣ್ಣೆ ಸಣ್ಣ ರಂಧ್ರದ ಮೂಲಕ ಸಲೀಸಾಗಿ ಹರಿಯುತ್ತದೆ. ಒಮ್ಮೆಲೇ ಜಗ್ಗಿದರೆ ಎಣ್ಣೆ ತಡೆಯೊಡ್ಡುತ್ತದೆ. ಅದರ ಕೆಲಸ ಇಷ್ಟೆ. ಅಲುಗಾಟ ಎಲ್ಲಿ ಹುಟ್ಟಿತು, ಏಕೆ ಹುಟ್ಟಿತು ಎಂಬುದು ಅದಕ್ಕೆ ಗೊತ್ತಿಲ್ಲ. ಸವೆದ ಟಯರ್ ಅದರಿಂದ ಸರಿಯಾಗುವುದಿಲ್ಲ, ಬಾಗಿದ ರಿಮ್ ನೇರವಾಗುವುದಿಲ್ಲ, ಸಡಿಲವಾದ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್ ಜೋಡಿ, ಬಿಗಿಯಾಗುವುದಿಲ್ಲ.

ಆರೋಗ್ಯವಾಗಿರುವ ಸಾಮಾನ್ಯ ಬೈಕಿಗೆ ಈ ಉಪಕರಣದ ಅಗತ್ಯವೇ ಇಲ್ಲ. ಮುಂದಿನ ಫೋರ್ಕನ್ನು ಓರೆಯಾಗಿ ಕೂರಿಸಿರುವುದು ಸುಮ್ಮನೆ ಅಲ್ಲ. ಹ್ಯಾಂಡಲ್ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ, ಟಯರ್ ನೆಲ ಮುಟ್ಟುವ ಜಾಗ ಅದಕ್ಕಿಂತ ಹಿಂದೆ ಇರುತ್ತದೆ. ಬೈಕ್ ಮುಂದೆ ಹೋಗುವಾಗ ಚಕ್ರ ಆ ಅಕ್ಷದ ಹಿಂದೆ ಎಳೆಯಲ್ಪಟ್ಟು ತಾನಾಗಿಯೇ ನೇರವಾಗುತ್ತದೆ. ಹೊಂಡಕ್ಕೆ ಬಿದ್ದರೆ ಹ್ಯಾಂಡಲ್ ಒಂದೆರಡು ಸಲ ಅತ್ತಿತ್ತ ಆಡಿ ಸುಮ್ಮನಾಗಬೇಕು. ಸುಮ್ಮನಾಗದೆ ಸೆಕೆಂಡಿಗೆ 4ರಿಂದ 10 ಸಲ ಕಂಪಿಸುತ್ತಲೇ ಇದ್ದರೆ ಎಲ್ಲೋ ಏನೋ ಕೆಟ್ಟಿದೆ ಎಂದರ್ಥ. ಕೆಟ್ಟದ್ದನ್ನು ಹುಡುಕದೆ ಕಂಪನವನ್ನು ಅಮುಕುವುದಕ್ಕೆ ದುರಸ್ತಿ ಎಂದು ಹೆಸರಿಡುವುದು ಯಾವ ನ್ಯಾಯ?

ಕೆಡುವುದೇನು? ಮಂಗಳೂರಿನಲ್ಲಿ ಅನೇಕ ಸಲ ಕೆಡುವುದು ಕೋನ್ ಸೆಟ್. ಫ್ರೇಮಿನ ಮುಂತುದಿಯಲ್ಲಿ ಒಂದು ಕೊಳವೆ, ಅದರೊಳಗೆ ಫೋರ್ಕನ್ನು ಹಿಡಿದಿರುವ ಟಿ-ಸ್ಟೆಮ್, ಮೇಲೊಂದು ಕೆಳಗೊಂದು ಬಾಲ್ ರೇಸ್. ಉಕ್ಕಿನ ಬಟ್ಟಲಿನಲ್ಲಿ ಉಕ್ಕಿನ ಗುಂಡುಗಳು, ನಡುವೆ ಗ್ರೀಸ್. ಇಡೀ ಬೈಕಿನ ಮುಂಭಾಗ ಇವುಗಳ ಮೇಲೆ ತಿರುಗುತ್ತದೆ. ಈ ಊರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕೊಟ್ಟಾರ ಚೌಕಿಯಲ್ಲಿ ನೀರು ನಿಂತಾಗ ಬೈಕುಗಳು ಅರ್ಧ ಚಕ್ರ ಮುಳುಗಿಸಿಕೊಂಡೇ ಸಾಗುತ್ತವೆ. ಲಾರಿಯ ಚಕ್ರ ಎರಚಿದ ಕೆಸರುನೀರು ನೇರವಾಗಿ ಕೆಳಗಿನ ಬಾಲ್ ರೇಸಿಗೆ ಹೊಡೆಯುತ್ತದೆ. ಕಡಲಿನ ಉಪ್ಪುಗಾಳಿ ವರ್ಷವಿಡೀ ಇದೆ. ಮೀನಿನ ಲಾರಿಗಳು ಹೆದ್ದಾರಿಯುದ್ದಕ್ಕೂ ಸುರಿಸಿಕೊಂಡು ಹೋಗುವ ಉಪ್ಪುನೀರು ಬೇರೆ. ಇಷ್ಟು ಸಾಲದೆಂಬಂತೆ ಆಯುಧಪೂಜೆಯ ಮುನ್ನಾದಿನ ಬೈಕನ್ನು ವಾಟರ್ ಸರ್ವಿಸ್‌ಗೆ ಕೊಂಡೊಯ್ದು, ಒತ್ತಡದ ನೀರನ್ನು ಹೆಡ್‌ಲೈಟಿನ ಹಿಂದೆ, ಹ್ಯಾಂಡಲಿನ ಬುಡಕ್ಕೆ ಹಿಡಿಸುತ್ತೇವೆ. ಹೊರಗಿನ ಮಣ್ಣು ಹೋಗುತ್ತದೆ, ಒಳಗೆ ನೀರು ಸೇರುತ್ತದೆ. ಮರುದಿನ ಅದೇ ಹ್ಯಾಂಡಲಿಗೆ ಹೂವಿನ ಹಾರ.

ನಂತೂರಿನಿಂದ ಸುರತ್ಕಲ್ ತನಕದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಳೆಗಾಲ ಬಂತೆಂದರೆ ಹೊಂಡಗಳು ಬಾಯಿ ತೆರೆಯುತ್ತವೆ. ಪಣಂಬೂರಿನ ಬಂದರಿಗೂ ಬೈಕಂಪಾಡಿಯ ಕೈಗಾರಿಕಾ ಪ್ರದೇಶಕ್ಕೂ ಓಡುವ ಟ್ಯಾಂಕರು, ಟ್ರೈಲರುಗಳ ಭಾರಕ್ಕೆ ಅವು ದಿನದಿನವೂ ಅಗಲವಾಗುತ್ತವೆ. ಬೈಕಿನ ಮುಂಚಕ್ರ ಹೊಂಡದ ಅಂಚಿಗೆ ಗುದ್ದಿದಾಗ ಆ ಪೆಟ್ಟು ಫೋರ್ಕಿನ ಮೂಲಕ ಏರಿ ಬಾಲ್ ರೇಸಿಗೆ ಬಡಿಯುತ್ತದೆ. ಸವಾರರು ಯೋಚಿಸದ ಒಂದು ಸಂಗತಿ ಇಲ್ಲಿದೆ: ಪೆಟ್ಟು ಬೀಳುವಾಗ ಹೆಚ್ಚಾಗಿ ಹ್ಯಾಂಡಲ್ ನೇರವಾಗಿಯೇ ಇರುತ್ತದೆ. ಆದ್ದರಿಂದ ಗುಂಡುಗಳು ಬಟ್ಟಲಿನ ಅದದೇ ಜಾಗಕ್ಕೆ ಮತ್ತೆ ಮತ್ತೆ ಬಡಿದು ಅಲ್ಲಿ ಸಣ್ಣ ಸಣ್ಣ ಗುಳಿ ಬೀಳಿಸುತ್ತವೆ. ಹ್ಯಾಂಡಲ್ ನೇರವಾಗಿದ್ದಾಗ ಗುಂಡುಗಳು ಆ ಗುಳಿಗಳಲ್ಲಿ ಕೂರುತ್ತವೆ. ನೇರ ಹೋಗುವಾಗ ಕಚ್ಚುವುದು, ತಿರುಗಿಸಿದರೆ ಬಿಡುವುದು, ಬೈಕ್ ತನ್ನಷ್ಟಕ್ಕೆ ಎಡಕ್ಕೋ ಬಲಕ್ಕೋ ವಾಲುವುದು, ಬ್ರೇಕ್ ಹಿಡಿದಾಗ ಕಟ್ ಎಂಬ ಸದ್ದು: ಇವೆಲ್ಲ ಅಲ್ಲಿಂದ ಬರುತ್ತವೆ.

ಒಂದು ಮಳೆಗಾಲ ಕಳೆದ ಮೇಲೆ ಕದ್ರಿ ಕಡೆಯ ಗ್ಯಾರೇಜೊಂದರಲ್ಲಿ ಹುಡುಗನೊಬ್ಬನ ಬೈಕನ್ನು ಬಿಚ್ಚುವುದನ್ನು ನಿಂತು ನೋಡಿದೆ. ಹೊರಗೆ ಚಿನ್ನದ ಬಣ್ಣದ ಡ್ಯಾಂಪರ್, ಅದರ ಮೇಲೆ ಕ್ಲಿಕ್ ಕ್ಲಿಕ್ ಎಂದು ತಿರುಗುವ ಗುಬ್ಬಿ. ಮೆಕ್ಯಾನಿಕ್ ಹೆಡ್‌ಲೈಟ್ ಕಳಚಿ, ಹ್ಯಾಂಡಲನ್ನು ಟ್ಯಾಂಕಿನ ಮೇಲೆ ಬಟ್ಟೆ ಹಾಸಿ ಮಲಗಿಸಿ, ಮೇಲಿನ ನಟ್ ಬಿಚ್ಚಿ ಫೋರ್ಕನ್ನು ಕೆಳಗಿಳಿಸಿದ. ಗ್ರೀಸ್ ಇರಬೇಕಾದಲ್ಲಿ ಕೆಂಪು ಕೆಸರು. ನಾಲ್ಕೈದು ಗುಂಡುಗಳನ್ನು ಅಂಗೈಯಲ್ಲಿಟ್ಟು ಸೀಮೆಎಣ್ಣೆಯಲ್ಲಿ ಉಜ್ಜಿ ತೋರಿಸಿದ. "ನೋಡಿ ಸರ್, ಗುಂಡು ಎಲ್ಲುಂಟು? ಹುಳ ತಿಂದ ಕಡಲೆ ಹಾಗೆ ಆಗಿದೆ." ಕೆಳಗಿನ ಬಟ್ಟಲಿನ ಒಳಮೈಗೆ ಉಗುರು ಎಳೆದರೆ ಗುಳಿಯಿಂದ ಗುಳಿಗೆ ತಡೆದು ತಡೆದು ಹೋಗುತ್ತಿತ್ತು. ಆ ಹುಡುಗ ಅದೇ ಬೈಕಿನಲ್ಲಿ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತಿಳಿದು ಬಂದಿದ್ದ. ಬೈಕ್ ಅವನಿಗೆ ಮುಂಚೆಯೇ ಎಚ್ಚರಿಕೆ ಕೊಟ್ಟಿತ್ತು. 70ರಿಂದ 50ಕ್ಕೆ ವೇಗ ಇಳಿಯುವಾಗ ಹ್ಯಾಂಡಲ್ ಗಡಗಡ ಎಂದಿತ್ತು. ಆ ಎಚ್ಚರಿಕೆಯನ್ನು ಅಡಗಿಸುವ ವಸ್ತುವನ್ನು ಅವನಿಗೆ ದುಡ್ಡಿಗೆ ಮಾರಲಾಗಿತ್ತು.

ಇದು ನನ್ನ ಮೊದಲ ಆರೋಪ, ಎಲ್ಲಕ್ಕಿಂತ ದೊಡ್ಡದೂ ಇದೇ. ಹ್ಯಾಂಡಲಿನ ಅಲುಗಾಟ ಸವಾರನ ಪಾಲಿಗೆ ಸಿಗುವ ಮುಖ್ಯ ಮುನ್ಸೂಚನೆ. ಕೋನ್ ಸೆಟ್ ಹಾಳಾದರೆ ದೀಪ ಹೊತ್ತಿಕೊಳ್ಳುವುದಿಲ್ಲ, ಮೀಟರಿನಲ್ಲಿ ಸಂದೇಶ ಬರುವುದಿಲ್ಲ. ಕೈಗೆ ತಿಳಿಯಬೇಕು. ಡ್ಯಾಂಪರ್ ಮೊದಲು ಕಸಿದುಕೊಳ್ಳುವುದು ಕೈಯ ಆ ತಿಳಿವನ್ನೇ. ಬಾಲ್ ರೇಸ್ ಇನ್ನಷ್ಟು ಸವೆಯುತ್ತದೆ, ರಿಮ್ ಇನ್ನಷ್ಟು ಬಾಗುತ್ತದೆ, ಹಿಂಚಕ್ರವನ್ನು ಹಿಡಿದ ಸ್ವಿಂಗ್ ಆರ್ಮಿನ ಬುಷ್ ಪೂರ್ತಿ ತಿಂದುಹೋಗುತ್ತದೆ, ಸವಾರ ಮಾತ್ರ "ಈಗ ಸೂಪರ್ ಉಂಟು" ಎನ್ನುತ್ತಿರುತ್ತಾನೆ. ಒಂದು ದಿನ ಡ್ಯಾಂಪರಿನ ಸೀಲ್ ಸೋರಿ ಎಣ್ಣೆ ಖಾಲಿಯಾಗುತ್ತದೆ, ಅಥವಾ ಕ್ಲ್ಯಾಂಪ್ ಜಾರುತ್ತದೆ. ಅಷ್ಟು ದಿನ ತಡೆಹಿಡಿದದ್ದೆಲ್ಲ ಆ ಕ್ಷಣ ಒಟ್ಟಿಗೆ ಕೈಗೆ ಬರುತ್ತದೆ. ಆಗ ಅವನು ನೇತ್ರಾವತಿ ಸೇತುವೆಯ ಮೇಲಿದ್ದರೆ? ಪಕ್ಕದಲ್ಲಿ ಗ್ಯಾಸ್ ಟ್ಯಾಂಕರ್ ಇದ್ದರೆ?

ಎರಡನೆಯದು, ಡ್ಯಾಂಪರ್ ಎಲ್ಲ ಬಗೆಯ ಅಲುಗಾಟವನ್ನೂ ತಡೆಯುತ್ತದೆ ಎಂಬ ನಂಬಿಕೆ. ಇದು ಭೌತಶಾಸ್ತ್ರಕ್ಕೆ ವಿರುದ್ಧ. ಬ್ರಿಟನ್‌ನ ಎಂಜಿನಿಯರ್ ರಾಬಿನ್ ಶಾರ್ಪ್ 1971ರಲ್ಲೇ ಮೋಟಾರ್‌ಸೈಕಲ್ಲಿನ ಸ್ಥಿರತೆಯನ್ನು ಗಣಿತದಲ್ಲಿ ಬಿಡಿಸಿ ತೋರಿಸಿದರು. ಮುಂಚಕ್ರ ಮಾತ್ರ ವೇಗವಾಗಿ ಕಂಪಿಸುವುದು ಒಂದು ಬಗೆ. ಇಡೀ ಬೈಕ್ ನಿಧಾನವಾಗಿ ಹಾವಿನ ಹಾಗೆ ಅತ್ತಿತ್ತ ಹೊರಳುವುದು ಇನ್ನೊಂದು. ಹ್ಯಾಂಡಲಿಗೆ ತಡೆ ಹೆಚ್ಚಿಸಿದಂತೆ ಮೊದಲನೆಯದು ತಗ್ಗುತ್ತದೆ, ಆದರೆ ಹೆಚ್ಚು ವೇಗದಲ್ಲಿ ಎರಡನೆಯದು ಇನ್ನೂ ಕೆಡಬಹುದು. ಸೀಟಿನ ಹಿಂದೆ ಟಾಪ್ ಬಾಕ್ಸ್, ಅದರ ತುಂಬ ಸಾಮಾನು, ಹಿಂದೊಬ್ಬ ಸವಾರ, ಗಾಳಿ ಕಡಿಮೆಯಾದ ಹಿಂದಿನ ಟಯರ್: ವಾರಾಂತ್ಯಕ್ಕೆ ಶಿರಾಡಿ ಹತ್ತುವ ಬೈಕುಗಳ ಸ್ಥಿತಿ ಇದು. ಭಾರವೆಲ್ಲ ಹಿಂದೆ ಸೇರಿ ಮುಂಚಕ್ರ ಹಗುರಾಗಿರುತ್ತದೆ. ಆಗ ಕಾಣಿಸುವ ಹೊರಳಾಟಕ್ಕೆ ಡ್ಯಾಂಪರನ್ನು ನಾಲ್ಕು ಕ್ಲಿಕ್ ಬಿಗಿ ಮಾಡಿಕೊಳ್ಳುವವನು ಬೆಂಕಿಗೆ ಎಣ್ಣೆ ಹೊಯ್ಯುತ್ತಿದ್ದಾನೆ. ಮಾಡಬೇಕಾದದ್ದು ಸಾಮಾನು ಇಳಿಸುವುದು, ಗಾಳಿ ನೋಡುವುದು, ವೇಗ ತಗ್ಗಿಸುವುದು. ಈ ಮಾತನ್ನು ಡ್ಯಾಂಪರ್ ಮಾರುವವರು ಯಾರಿಗೆ ಹೇಳಿದ್ದಾರೆ?

"ಹಾಗಾದರೆ ದೊಡ್ಡ ಕಂಪನಿಗಳೇ ಯಾಕೆ ಹಾಕುತ್ತವೆ?" ಎಂಬ ಪ್ರಶ್ನೆ ಕೂಡಲೇ ಬರುತ್ತದೆ. 1340 ಸಿಸಿಯ ಹಯಾಬುಸಾಕ್ಕೆ, 998 ಸಿಸಿಯ ನಿಂಜಾ ಝಡ್‌ಎಕ್ಸ್-10ಆರ್‌ಗೆ ಕಾರ್ಖಾನೆಯಿಂದಲೇ ಡ್ಯಾಂಪರ್ ಬರುತ್ತದೆ, ನಿಜ. ಸುಮಾರು 200 ಅಶ್ವಶಕ್ತಿ ಹಿಂದಿನ ಚಕ್ರಕ್ಕೆ ಬಿದ್ದಾಗ ಮುಂಚಕ್ರ ನೆಲ ಬಿಟ್ಟೇಳುತ್ತದೆ. ಮತ್ತೆ ನೆಲ ಮುಟ್ಟುವಾಗ ಸ್ವಲ್ಪ ಓರೆಯಾಗಿದ್ದರೂ ಹ್ಯಾಂಡಲ್ ಕೈಯಿಂದ ಕಿತ್ತುಕೊಳ್ಳುತ್ತದೆ. ಅಂಥ ಯಂತ್ರಕ್ಕೆ ಎಷ್ಟು ತಡೆ ಬೇಕೆಂದು ನಕ್ಷೆಯ ಹಂತದಲ್ಲೇ ಲೆಕ್ಕ ಹಾಕಿ, ಫ್ರೇಮಿಗೇ ಜಾಗ ಕೊಟ್ಟು, ಪರೀಕ್ಷಿಸಿ ಕೂರಿಸಿರುತ್ತಾರೆ. ಸುಝುಕಿ 1997ರಲ್ಲಿ ತಂದ ಟಿಎಲ್1000ಎಸ್ ಹ್ಯಾಂಡಲ್ ಬಡಿತಕ್ಕೆ ಕುಖ್ಯಾತವಾದಾಗ ಕಂಪನಿಯೇ ಬೈಕುಗಳನ್ನು ವಾಪಸು ಕರೆಸಿ ಡ್ಯಾಂಪರ್ ಅಳವಡಿಸಬೇಕಾಯಿತು. ಆ ಕೆಲಸ ತಯಾರಕರು ಮಾಡಿದ್ದು, ಆ ಮಾದರಿಗೆಂದೇ ಮಾಡಿದ್ದು. ಆ ಶಕ್ತಿಯ ಹತ್ತಿರಕ್ಕೂ ಬಾರದ ನಮ್ಮ ಬೈಕಿಗೆ, ಹೆಸರೇ ಇಲ್ಲದ ಪೆಟ್ಟಿಗೆಯಲ್ಲಿ ಬಂದ, ಯಾವ ಬೈಕಿಗೂ ಆದೀತು ಎನ್ನುವ ಕೊಳವೆಯನ್ನು ಸಿಕ್ಕಿಸುವುದಕ್ಕೂ ಅದಕ್ಕೂ ಏನು ಸಂಬಂಧ?

ರೇಸಿನ ಮೋಹ ಇನ್ನೂ ಬಲವಾದದ್ದು. ಕರಾವಳಿಯ ಹುಡುಗರಿಗೆ ಉಡುಪಿಯ ಕೆ.ಪಿ. ಅರವಿಂದ್ ಎಂದರೆ ಅಭಿಮಾನ. 2019ರಲ್ಲಿ ಪೆರುವಿನ ಮರಳುಗಾಡಿನಲ್ಲಿ ನಡೆದ ಡಕಾರ್ ರ್‍ಯಾಲಿಯನ್ನು ಅವರು ಪೂರ್ತಿಗೊಳಿಸಿದರು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಆ ಸಾಧನೆ ಮಾಡಿದ ಮೊದಲ ಭಾರತೀಯ. ಅಂಥ ರ್‍ಯಾಲಿ ಬೈಕುಗಳಲ್ಲಿ ಡ್ಯಾಂಪರ್ ಸಾಮಾನ್ಯ. ಮರಳಲ್ಲಿ, ಅಡಗಿದ ಕಲ್ಲುಗಳ ಮೇಲೆ ಅದು ಬೇಕಾಗುತ್ತದೆ. ಅವರನ್ನು ಮೆಚ್ಚುವ ಹುಡುಗರು ಆ ಬೈಕಿನಿಂದ ಕಲಿತದ್ದೇನು? ಕಣ್ಣಿಗೆ ಕಾಣುವ ಡ್ಯಾಂಪರ್ ಒಂದನ್ನೇ. ದಿನದ ಓಟ ಮುಗಿದ ಮೇಲೆ ಮೆಕ್ಯಾನಿಕರು ರಾತ್ರಿ ನಿದ್ದೆಗೆಟ್ಟು ಚಕ್ರ, ಬೇರಿಂಗ್, ಫೋರ್ಕ್ ಎಲ್ಲವನ್ನೂ ಮುಟ್ಟಿ ನೋಡುತ್ತಾರಲ್ಲ, ಅದನ್ನು ಕಲಿಯಲಿಲ್ಲ. ಅಲ್ಲಿ ಡ್ಯಾಂಪರ್ ಎಲ್ಲ ಸರಿಯಿರುವ ಬೈಕಿಗೆ ಕೊನೆಯದಾಗಿ ಸೇರುವ ಭಾಗ. ಇಲ್ಲಿ ಏನೂ ಸರಿಯಿಲ್ಲದ ಬೈಕಿಗೆ ಮೊದಲು ಸೇರುವ ಭಾಗ.

ಹಿಂದಿನವರಿಗೆ ಈ ವಿವೇಕ ಇತ್ತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಕಟ್ಟಿದ ಜಾವಾ ಬೈಕುಗಳ ಹ್ಯಾಂಡಲಿನ ನಡುವೆ ಕೈಯಲ್ಲಿ ತಿರುಗಿಸುವ ಒಂದು ಗುಬ್ಬಿ ಇರುತ್ತಿತ್ತು. ಅದೂ ಡ್ಯಾಂಪರೇ, ಎಣ್ಣೆಯದಲ್ಲ, ಉಜ್ಜುವ ಬಿಲ್ಲೆಗಳದ್ದು. ಕಚ್ಚಾ ರಸ್ತೆಯಲ್ಲಿ ಸ್ವಲ್ಪ ಬಿಗಿ ಮಾಡಿ, ಪೇಟೆ ಬಂದರೆ ಸಡಿಲ ಬಿಡುತ್ತಿದ್ದರು. ಬಿಗಿಯಾಗಿಯೇ ಬಿಟ್ಟರೆ ನಿಧಾನ ವೇಗದಲ್ಲಿ ಬೈಕ್ ಅಡ್ಡಾದಿಡ್ಡಿ ಹೋಗುತ್ತದೆ ಎಂಬುದು ಓಡಿಸುವವರಿಗೆ ಗೊತ್ತಿತ್ತು. ಸ್ಟಿಯರಿಂಗ್ ಬಾಲ್ ಹೋದಾಗ ಗುಬ್ಬಿ ಬಿಗಿ ಮಾಡಿ ಸುಮ್ಮನಾಗುವವನನ್ನು ಒಳ್ಳೆಯ ಮೇಸ್ತ್ರಿ ಬೈಯುತ್ತಿದ್ದ. ಆ ಬೈಗುಳ ಇವತ್ತಿನ ಗ್ಯಾರೇಜುಗಳಿಗೆ ಮರಳಿ ಬರಬೇಕಾಗಿದೆ.

ಜೋಡಿಸುವ ರೀತಿಯಂತೂ ಹಲವು ಕಡೆ ಕಣ್ಣಲ್ಲಿ ನೋಡಲಾಗದು. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗ ಡ್ಯಾಂಪರಿನ ಕೋಲು ತನ್ನ ತುದಿ ಮುಟ್ಟಬಾರದು. ಹ್ಯಾಂಡಲ್ ನಿಲ್ಲಬೇಕಾದದ್ದು ಫ್ರೇಮಿನ ಸ್ಟಾಪರಿಗೆ ತಾಗಿ, ಡ್ಯಾಂಪರಿಗೆ ತಾಗಿ ಅಲ್ಲ. ಈ ಒಂದು ಅಳತೆ ತಪ್ಪಿದರೆ ತಿರುವಿನ ನಡುವೆ ಹ್ಯಾಂಡಲ್ ಸಿಕ್ಕಿಕೊಳ್ಳುತ್ತದೆ. ಫೋರ್ಕಿನ ಕೊಳವೆಗೆ ಹಾಕುವ ಕ್ಲ್ಯಾಂಪನ್ನು ಹೆಚ್ಚು ಬಿಗಿದರೆ ಕೊಳವೆ ನಜ್ಜಾಗುತ್ತದೆ, ಕಡಿಮೆ ಬಿಗಿದರೆ ಜಾರುತ್ತದೆ. ಬ್ರೇಕಿನ ಕೇಬಲ್ಲೋ ಹೋಸ್‌ಪೈಪೋ ಕೋಲಿಗೆ ಉಜ್ಜಬಾರದು. ಇವನ್ನೆಲ್ಲ ಟಾರ್ಕ್ ರೆಂಚ್ ಇಲ್ಲದ ಅಂಗಡಿಯಲ್ಲಿ, ರಸ್ತೆ ಬದಿಯಲ್ಲಿ ಬೈಕ್ ನಿಲ್ಲಿಸಿ, ಮೊಬೈಲಿನಲ್ಲಿ ವಿಡಿಯೊ ನೋಡುತ್ತ ಮಾಡಲಾಗುತ್ತಿದೆ. ಹ್ಯಾಂಡಲ್ ತಿರುಗದಿದ್ದರೆ ಸಾಯುವವನು ಅಂಗಡಿಯವನಲ್ಲ.

ಊರೊಳಗೆ ಓಡಿಸುವುದನ್ನೂ ಯೋಚಿಸಿ. ಹಂಪನಕಟ್ಟೆಯಿಂದ ರಥಬೀದಿಗೆ, ಬಂದರಿನ ಓಣಿಗಳಿಗೆ, ಬಿಜೈ ಕಾಪಿಕಾಡಿನ ಏರುತಗ್ಗುಗಳಿಗೆ ಬೈಕ್ ಹೋಗುವುದು 15-20 ಕಿಲೋಮೀಟರ್ ವೇಗದಲ್ಲಿ. ಆ ವೇಗದಲ್ಲಿ ಬೈಕ್ ಬೀಳದೆ ನಿಲ್ಲುವುದು ಹ್ಯಾಂಡಲಿನ ಸಣ್ಣ ಸಣ್ಣ, ಚುರುಕಾದ ತಿದ್ದುಪಡಿಗಳಿಂದ. ವಾಲಿದ ಕಡೆಗೆ ಮುಂಚಕ್ರ ತಿರುಗಿ ಬೈಕನ್ನು ಮತ್ತೆ ಎತ್ತಿ ನಿಲ್ಲಿಸುತ್ತದೆ. ಡ್ಯಾಂಪರ್ ಬಿಗಿಯಾಗಿದ್ದರೆ ಆ ತಿದ್ದುಪಡಿ ತಡವಾಗುತ್ತದೆ. ಮಳೆಯಲ್ಲಿ ಇನ್ನೂ ಕಷ್ಟ. ಕಾಂಕ್ರೀಟ್ ರಸ್ತೆಯ ಅಂಚಿನ ಮೆಟ್ಟಿಲು, ಪಾಚಿ ಹಿಡಿದ ಇಂಟರ್‌ಲಾಕ್, ಚರಂಡಿಯ ಮೇಲಿನ ಕಬ್ಬಿಣದ ಜಾಲರಿ, ಇವುಗಳ ಮೇಲೆ ಮುಂಚಕ್ರ ಜಾರಲು ಶುರುವಾದದ್ದು ಮೊದಲು ತಿಳಿಯುವುದು ಅಂಗೈಗೆ. ವರ್ಷಕ್ಕೆ ನಾಲ್ಕು ತಿಂಗಳು ಒದ್ದೆ ರಸ್ತೆಯಲ್ಲಿ ಓಡಾಡುವ ಊರಿನವರು ಅಂಗೈಯ ಈ ಸ್ಪರ್ಶವನ್ನು ಯಾವ ಲಾಭಕ್ಕಾಗಿ ಮಾರಿಕೊಳ್ಳುತ್ತಿದ್ದಾರೆ?

ಲಾಭ ಯಾರದ್ದೆಂದು ಲೆಕ್ಕ ಹಾಕಿದರೆ ಎಲ್ಲ ಬಯಲಾಗುತ್ತದೆ. ಸಾಮಾನ್ಯ ಬೈಕಿನ ಕೋನ್ ಸೆಟ್‌ಗೆ ಕೆಲವು ನೂರು ರೂಪಾಯಿ. ಆದರೆ ಅದನ್ನು ಬದಲಿಸಲು ಮುಂಭಾಗವನ್ನೆಲ್ಲ ಕಳಚಬೇಕು, ಹಳೆಯ ಬಟ್ಟಲನ್ನು ಹೊಡೆದು ತೆಗೆಯಬೇಕು, ಹೊಸದನ್ನು ಓರೆಯಾಗದಂತೆ ಕೂರಿಸಬೇಕು, ಗುಂಡುಗಳನ್ನು ಗ್ರೀಸಿನಲ್ಲಿ ಒಂದೊಂದಾಗಿ ಜೋಡಿಸಬೇಕು, ಕೊನೆಗೆ ನಟ್ಟನ್ನು ಆಟವೂ ಇರದಂತೆ, ಬಿಗಿಯೂ ಆಗದಂತೆ ಹೊಂದಿಸಬೇಕು. ಅರ್ಧ ದಿನ ಹೋಗುತ್ತದೆ, ಕೈಯೆಲ್ಲ ಮಸಿ. ಆ ದುಡಿಮೆಗೆ ಮಜೂರಿ ಕೇಳಿದರೆ ಗಿರಾಕಿ ಚೌಕಾಸಿ ಮಾಡುತ್ತಾನೆ. ಅದೇ ಗಿರಾಕಿ ಸಾವಿರಾರು ರೂಪಾಯಿಯ ಹೊಳೆಯುವ ಡ್ಯಾಂಪರಿಗೆ ಮರುಮಾತಿಲ್ಲದೆ ದುಡ್ಡು ಎಣಿಸುತ್ತಾನೆ. ಮೆಕ್ಯಾನಿಕನೂ ಹೊಟ್ಟೆಪಾಡಿನವನು, ಯಾವುದಕ್ಕೆ ದುಡ್ಡು ಸಿಗುತ್ತದೋ ಅದನ್ನೇ ಸೂಚಿಸುತ್ತಾನೆ. ಆದ್ದರಿಂದ ತಪ್ಪು ಮೊದಲು ನಮ್ಮದು. ಕಾಣದ ಕೆಲಸಕ್ಕೆ ಬೆಲೆ ಕೊಡದ ಸವಾರ ಕಾಣುವ ಸರಕಿಗೆ ಬಲಿಯಾಗುತ್ತಾನೆ.

ಡ್ಯಾಂಪರಿಗೆ ಒಬ್ಬ ತಮ್ಮನೂ ಇದ್ದಾನೆ. "ಕೋನ್ ಸೆಟ್ ಟೈಟ್ ಮಾಡಿ ಕೊಟ್ಟಿದ್ದೇನೆ, ಈಗ ಓಡ್ಸಿ." ಗುಳಿ ಬಿದ್ದ ಬಟ್ಟಲನ್ನು ಬಿಗಿದರೆ ಗುಂಡು ಗುಳಿಯೊಳಗೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಅಲುಗಾಟ ನಿಂತಂತೆ ಕಾಣುತ್ತದೆ, ಬೈಕ್ ನೇರ ಹೋಗುವುದನ್ನೇ ಬಿಡುತ್ತದೆ. ಆ ವಾಲಾಟಕ್ಕೆ ಮತ್ತೆ ಡ್ಯಾಂಪರಿನ ಸಲಹೆ! ಕೆಲವು ಸರ್ವಿಸ್ ಕಾರ್ಡುಗಳಲ್ಲಿ ಸ್ಟಿಯರಿಂಗ್ ಎಂಬ ಸಾಲಿನ ಮುಂದೆ ಟಿಕ್ ಇರುತ್ತದೆ. ಮುಂಚಕ್ರವನ್ನು ನೆಲದಿಂದ ಎತ್ತದೆ ಆ ಟಿಕ್ ಹಾಕಿದವರು ಸವಾರನಿಗೆ ಸುಳ್ಳು ಬರೆದು ಕೊಟ್ಟಿದ್ದಾರೆ, ಬೇರೆ ಮಾತಿಲ್ಲ.

ಸೆಕೆಂಡ್‌ಹ್ಯಾಂಡ್ ಮಾರಾಟದಲ್ಲಿ ಇದು ಮೋಸದ ಸಾಧನವೂ ಆಗಬಲ್ಲದು. ಸುರತ್ಕಲ್, ದೇರಳಕಟ್ಟೆ, ಕೊಣಾಜೆಯ ಕಾಲೇಜುಗಳಿಗೆ ವರ್ಷವರ್ಷವೂ ಹೊಸ ವಿದ್ಯಾರ್ಥಿಗಳು ಬರುತ್ತಾರೆ, ಹಳಬರು ಬೈಕ್ ಮಾರಿ ಹೋಗುತ್ತಾರೆ. ಅಪಘಾತದಲ್ಲಿ ಫೋರ್ಕ್ ಬಾಗಿದ, ಟಿ-ಸ್ಟೆಮ್ ತಿರುಚಿದ ಬೈಕನ್ನು ಡ್ಯಾಂಪರ್ ಹಾಕಿ ಓಡಿಸಲು ಕೊಟ್ಟರೆ ಹತ್ತು ನಿಮಿಷದ ಓಟದಲ್ಲಿ ಹದಿನೆಂಟರ ಹುಡುಗನಿಗೆ ಏನು ಗೊತ್ತಾದೀತು? ಹೆತ್ತವರಿಗೆ ನನ್ನ ಮಾತು: ಮಗನೋ ಮಗಳೋ ಕೊಳ್ಳಲು ಹೊರಟ ಹಳೆಯ ಬೈಕಿನಲ್ಲಿ ಡ್ಯಾಂಪರ್ ಕಂಡರೆ ಅದನ್ನು ಬೋನಸ್ ಎಂದುಕೊಳ್ಳಬೇಡಿ. ನಂಬಿಕೆಯ ಮೆಕ್ಯಾನಿಕನಿಂದ ಅದನ್ನು ಕಳಚಿಸಿ, ಮುಂಭಾಗ ಪೂರ್ತಿ ಪರೀಕ್ಷಿಸಿದ ಮೇಲಷ್ಟೇ ದುಡ್ಡು ಕೊಡಿ.

ಇನ್ನು ಸರಕಾರ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಸ್ಟಿಯರಿಂಗ್ ಸುಸ್ಥಿತಿಯಲ್ಲಿರಬೇಕು ಎನ್ನುತ್ತದೆ. ಅದನ್ನು ನೋಡುವವರು ಯಾರು? ಸ್ವಂತ ಬಳಕೆಯ ಬೈಕಿನ ನೋಂದಣಿ 15 ವರ್ಷಕ್ಕೆ. ಆ 15 ವರ್ಷ, ಅಂದರೆ 15 ಮಳೆಗಾಲ, ಮಂಗಳೂರಿನ ಕೆಎ-19 ನೋಂದಣಿಯ ಬೈಕಿನ ಮುಂಚಕ್ರವನ್ನು ಎತ್ತಿ ನೋಡುವ ಹೊಣೆ ಯಾವ ಇಲಾಖೆಗೂ ಇಲ್ಲ. ಹೊಗೆ ತಪಾಸಣೆ ಉಂಟು, ವಿಮೆಯ ತಪಾಸಣೆ ಉಂಟು. 2019ರ ತಿದ್ದುಪಡಿಯಲ್ಲಿ ಸೇರಿದ 182-ಎ ಕಲಮಿನಂತೆ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿ ದಂಡವೂ ಉಂಟು. ಪೊಲೀಸರು ಸದ್ದು ಮಾಡುವ ಸೈಲೆನ್ಸರುಗಳನ್ನು ಹಿಡಿಯುತ್ತಾರೆ, ಹಿಡಿಯಲಿ. ಆದರೆ ಸದ್ದಿಲ್ಲದೆ ಕೊಲ್ಲುವ ಸವೆದ ಸ್ಟಿಯರಿಂಗನ್ನು ಯಾರು ಹಿಡಿಯಬೇಕು? ಬಾಲ್ ರೇಸಿಗೆ ಗುಳಿ ಬೀಳಿಸುವ ಹೊಂಡಗಳ ಬಗ್ಗೆ ಹೆದ್ದಾರಿ ಪ್ರಾಧಿಕಾರವನ್ನು ಯಾರು ನಿಲ್ಲಿಸಿ ಕೇಳಬೇಕು? ಪಂಪ್‌ವೆಲ್ ಮೇಲ್ಸೇತುವೆ ಮುಗಿಯಲು ನಮ್ಮನ್ನು ವರ್ಷಗಟ್ಟಲೆ, 2020ರ ಜನವರಿಯ ತನಕ, ಕಾಯಿಸಿದ ವ್ಯವಸ್ಥೆ ಇದು. ಹೊಂಡ ಮುಚ್ಚುವುದಕ್ಕೂ ನಾವು ಕಾಯಬೇಕೆ? ರಸ್ತೆ ಕೆಟ್ಟಿದೆ, ಅದಕ್ಕೇ ಡ್ಯಾಂಪರ್ ಬೇಕು ಎನ್ನುವವರು ಅರಿಯದೆಯೇ ಈ ನಿರ್ಲಕ್ಷ್ಯವನ್ನು ಒಪ್ಪಿಕೊಳ್ಳುತ್ತಿದ್ದಾರೆ. ಸರಕಾರ ಮುಚ್ಚಬೇಕಾದ ಹೊಂಡದ ಬೆಲೆಯನ್ನು ಸವಾರ ತನ್ನ ಜೇಬಿನಿಂದ ಅಂಗಡಿಗೆ ಕಟ್ಟುವುದು, ಅದರಿಂದ ಹೊಂಡವೂ ಮುಚ್ಚದೆ ಬೈಕೂ ಸರಿಯಾಗದೆ ಇರುವುದು, ಇದನ್ನು ಒಪ್ಪಲು ನಾನು ಸಿದ್ಧನಿಲ್ಲ.

ಆಗಬೇಕಾದದ್ದು ಕಷ್ಟದ್ದೇನೂ ಅಲ್ಲ. ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್‌ನಂಥ ಸಂಸ್ಥೆಗಳ, ಐಟಿಐಗಳ ವಿದ್ಯಾರ್ಥಿಗಳನ್ನು ಸೇರಿಸಿ ಸಾರಿಗೆ ಇಲಾಖೆ ಪ್ರತಿ ವರ್ಷ ಮೇ ತಿಂಗಳಲ್ಲಿ ಬೈಕುಗಳ ಸ್ಟಿಯರಿಂಗ್ ತಪಾಸಣೆ ಶಿಬಿರ ನಡೆಸಲಿ. ಹೊಗೆ ತಪಾಸಣೆ ಕೇಂದ್ರಗಳಲ್ಲೇ ಮುಂಚಕ್ರ ಎತ್ತುವ ಒಂದು ಸ್ಟ್ಯಾಂಡ್ ಇಡುವುದನ್ನು ಕಡ್ಡಾಯ ಮಾಡಲಿ. ಗ್ಯಾರೇಜ್ ಮಾಲೀಕರು ತಮ್ಮಲ್ಲೇ ಒಂದು ನಿಯಮ ಮಾಡಿಕೊಳ್ಳಲಿ: ಟಯರ್, ರಿಮ್, ಚಕ್ರದ ಬೇರಿಂಗ್, ಕೋನ್ ಸೆಟ್, ಸ್ವಿಂಗ್ ಆರ್ಮ್ ಬುಷ್ ನೋಡದೆ ಯಾವ ಬೈಕಿಗೂ ಡ್ಯಾಂಪರ್ ಜೋಡಿಸುವುದಿಲ್ಲ ಎಂದು. ಅಷ್ಟನ್ನು ನೋಡಿ ಸರಿಪಡಿಸಿದ ಮೇಲೂ ಅಲುಗಾಟ ನಿಲ್ಲದ ಬೈಕನ್ನು ಕಂಪನಿಗೆ ವಾಪಸು ಕಳಿಸಬೇಕೇ ಹೊರತು ಅದರ ಬಾಯಿ ಮುಚ್ಚಿಸಬಾರದು.

ಸವಾರರೇ, ಸರಕಾರಕ್ಕೆ ಕಾಯಬೇಡಿ. ಮಳೆಗಾಲದ ಹೊಸ್ತಿಲಿನ ಪತ್ತನಾಜೆಗೆ ಮೊದಲು ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ, ವರ್ಷಕ್ಕೆ ಎರಡು ಸಲ ಬೈಕನ್ನು ಗ್ಯಾರೇಜಿಗೆ ಒಯ್ದು ಮುಂಚಕ್ರವನ್ನು ನೆಲದಿಂದ ಎತ್ತಿಸಿ. ಹ್ಯಾಂಡಲನ್ನು ಎರಡೇ ಬೆರಳಲ್ಲಿ ಹಿಡಿದು ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸಿ. ನಡುವೆ ಎಲ್ಲಾದರೂ ಕಚ್ಚಿದಂತಾದರೆ, ಫೋರ್ಕಿನ ತುದಿ ಹಿಡಿದು ಹಿಂದೆಮುಂದೆ ತಳ್ಳಿದಾಗ ಕಟ್ ಎಂದರೆ, ಎಕ್ಸ್‌ಟ್ರಾ ಫಿಟ್ಟಿಂಗ್ ಅಂಗಡಿಯ ಕಡೆ ಹೋಗಬೇಡಿ. ಅಲ್ಲೇ ನಿಂತು ಕೋನ್ ಸೆಟ್ ಬದಲಿಸಲು ಹೇಳಿ, ಹಳೆಯ ಬಟ್ಟಲನ್ನು ಕೈಗೆ ಕೇಳಿ ನೋಡಿ, ಮೆಕ್ಯಾನಿಕ್ ಹೇಳಿದ ಮಜೂರಿಯನ್ನು ಚೌಕಾಸಿ ಮಾಡದೆ ಕೊಡಿ.